ಮರೆವು, ಬರಹ ಮತ್ತು ಮುಪ್ಪಿನ ಧರ್ಮ

ವಯಸ್ಸಾದವರು ನಾಲ್ವರು ಒಂದೆಡೆ ಕುಳಿತಲ್ಲಿ ಮರಣದ ಪ್ರಸ್ತಾಪಕ್ಕಿಂತ ಮರೆವಿನ ಪ್ರಸ್ತಾಪವೇ ಹೆಚ್ಚಾಗಿ ಕೇಳಿಬರುತ್ತದೆ. ಬೀಗದ ಕೈ ಇಟ್ಟ ಜಾಗ ನೆನಪಾಗದು. ಪರಿಚಿತರ ಹೆಸರು ನಾಲಗೆಯ ತುದಿಯವರೆಗೆ ಬಂದು ನಿಂತುಬಿಡುತ್ತದೆ. ಬೆಳಗಿನ ಮಾತ್ರೆ ನುಂಗಿದ್ದಾಯಿತೋ ಇಲ್ಲವೋ ಎಂಬ ಸಂದೇಹ ಮಧ್ಯಾಹ್ನವಾದರೂ ಬಿಡುವುದಿಲ್ಲ. ಹಿಂದಿನವರು ಇದಕ್ಕಾಗಿ ಪಂಚೆಯ ಅಂಚಿಗೆ ಗಂಟು ಹಾಕಿಕೊಳ್ಳುತ್ತಿದ್ದರು, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಿದ್ದರು, ಜೇಬಿನಲ್ಲಿ ಚೀಟಿ ಇಟ್ಟುಕೊಳ್ಳುತ್ತಿದ್ದರು. ಇಂದು ಆ ಕೆಲಸವನ್ನು ಮೊಬೈಲ್ ಫೋನು ವಹಿಸಿಕೊಂಡಿದೆ. ಬರೆದಿಟ್ಟದ್ದನ್ನು ಅದು ಕ್ಷಣದಲ್ಲಿ ಹುಡುಕಿ ಕೊಡುತ್ತದೆ, ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸಿ ಎಚ್ಚರಿಸುತ್ತದೆ, ಬಾಯಲ್ಲಿ ಹೇಳಿದ್ದನ್ನು ಅಕ್ಷರಕ್ಕಿಳಿಸುತ್ತದೆ.

ಈ ಅನುಕೂಲದ ಲಾಭವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಧರ್ಮದ ದೃಷ್ಟಿಯಿಂದ ಎರಡು ಪ್ರಶ್ನೆಗಳು ಏಳುತ್ತವೆ. ಹೀಗೆ ಎಲ್ಲವನ್ನೂ ಬರೆದಿಡುವುದು ಅಪ್ರಮಾದದ ಸಾಧನವೋ ಅಥವಾ ಪರಿಗ್ರಹದ ಇನ್ನೊಂದು ರೂಪವೋ ಎಂಬುದು ಮೊದಲನೆಯದು. ಮರೆಯತೊಡಗಿದ ಹಿರಿಯರ ಬಗ್ಗೆ ಅವರ ಸುತ್ತಲಿರುವವರ ಕರ್ತವ್ಯವೇನು ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಯ ಚರ್ಚೆ ಅಲ್ಲಲ್ಲಿ ನಡೆಯುತ್ತಿದೆ. ಎರಡನೆಯದನ್ನು ಕೇಳುವವರು ವಿರಳ. ಮನೆಯ ನೆಮ್ಮದಿ ಕೆಡುವುದು ಮಾತ್ರ ಹೆಚ್ಚಾಗಿ ಅದರಿಂದಲೇ.

ಬಂಡೆಯ ಮೇಲಿನ ಎರಡು ಮಾತುಗಳು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕ ಚಕ್ರವರ್ತಿಯ ಬಂಡೆ ಶಾಸನಗಳಿವೆ. ಶ್ರವಣಬೆಳಗೊಳದ ಪರಂಪರೆಯು ಭದ್ರಬಾಹು ಸ್ವಾಮಿಗಳ ಜೊತೆಯಲ್ಲಿ ಸ್ಮರಿಸುವ ಚಂದ್ರಗುಪ್ತ ಮೌರ್ಯನ ಮೊಮ್ಮಗನೇ ಈ ಅಶೋಕ. 1892ರಲ್ಲಿ ಬಿ. ಎಲ್. ರೈಸ್ ಅವರು ಈ ಶಾಸನಗಳನ್ನು ಬೆಳಕಿಗೆ ತಂದರು. ಕರ್ನಾಟಕದ ನೆಲದಲ್ಲಿ ದೊರೆತಿರುವ ಅತ್ಯಂತ ಪುರಾತನ ಬರಹಗಳಲ್ಲಿ ಇವು ಸೇರಿವೆ.

ಇವುಗಳ ಒಕ್ಕಣೆಯನ್ನು ಗಮನಿಸಿದರೆ ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ ಎರಡು ಸಂಗತಿಗಳು ಕಾಣುತ್ತವೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆಜ್ಞೆಯನ್ನು ಕಳುಹಿಸುವ ಮೊದಲು ಅವರ ಆರೋಗ್ಯವನ್ನು ಹಾರೈಸುತ್ತಾರೆ. ಮುಂದೆ ತಾಯಿತಂದೆಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳ ವಿಷಯದಲ್ಲಿ ದಯೆ ದೃಢವಾಗಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದು ವಿಧಿಸಿ, ಇದು ಪುರಾತನವಾದ ನಡವಳಿಕೆಯೆಂದೂ ದೀರ್ಘಾಯುಷ್ಯಕ್ಕೆ ಕಾರಣವೆಂದೂ ಹೇಳಲಾಗಿದೆ. ಆರೋಗ್ಯ ಮತ್ತು ದೀರ್ಘಾಯುಷ್ಯ ಎಂಬ ಎರಡು ಮಾತುಗಳು ಈ ನಾಡಿನ ಬರಹದ ಆರಂಭಕಾಲದಲ್ಲಿಯೇ ಹೀಗೆ ಒಟ್ಟಿಗೆ ನಿಂತಿವೆ. ದೀರ್ಘಾಯುಷ್ಯಕ್ಕೆ ಅಲ್ಲಿ ಹೇಳಿರುವ ಉಪಾಯವು ಔಷಧವಲ್ಲ, ಮನೆಯೊಳಗಿನ ನಡತೆ.

ಇನ್ನೊಂದು ಸಂಗತಿಯೂ ವಿಚಾರಾರ್ಹ. ಶಾಸನವನ್ನು ಬರೆದ ಲಿಪಿಕಾರ ಚಪಡನು ತನ್ನ ಹೆಸರನ್ನು ಕೊನೆಯಲ್ಲಿ ದಾಖಲಿಸಿ, ‘ಲಿಪಿಕಾರ’ ಎಂಬರ್ಥದ ಒಂದು ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಬಂಡೆಯು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕಿ ಉಳಿದುಬಂದಿತು, ಅಕ್ಷರಗಳೂ ಉಳಿದವು. ಆದರೆ ಬ್ರಾಹ್ಮೀ ಲಿಪಿಯನ್ನು ಓದಬಲ್ಲವರ ಪರಂಪರೆ ನಡುವೆ ಕಡಿದುಹೋಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅವರು ಆ ಲಿಪಿಯ ಗುಟ್ಟನ್ನು ಬಿಡಿಸುವವರೆಗೆ ಇಂಥ ಶಾಸನಗಳೆಲ್ಲ ಶತಮಾನಗಳ ಕಾಲ ಮೂಕವಾಗಿದ್ದವು. ಬರಹವು ಎಷ್ಟೇ ಗಟ್ಟಿಯಾದ ವಸ್ತುವಿನ ಮೇಲಿದ್ದರೂ ಓದುವವನಿಲ್ಲದಿದ್ದರೆ ಅದು ಸ್ಮರಣೆಯೆನಿಸದು. ಫೋನಿನಲ್ಲಿ ಸಾವಿರ ಟಿಪ್ಪಣಿಗಳನ್ನು ತುಂಬಿಟ್ಟು ಒಂದನ್ನೂ ಮತ್ತೆ ತೆರೆಯದವರು ಇದನ್ನು ನೆನೆಯುವುದು ಒಳಿತು.

ಶ್ರುತವು ಗ್ರಂಥವಾದ ಬಗೆ

ಬರೆದಿಡುವುದರಿಂದ ನೆನಪು ಕುಂದುತ್ತದೆ ಎಂಬ ಆಕ್ಷೇಪಣೆ ಹೊಸದಲ್ಲ. ಗ್ರೀಸ್ ದೇಶದ ತತ್ತ್ವಜ್ಞಾನಿ ಪ್ಲೇಟೋ ತನ್ನ ‘ಫೀಡ್ರಸ್’ ಸಂವಾದದಲ್ಲಿ ಸಾಕ್ರಟೀಸನ ಬಾಯಿಂದ ಈ ಆಕ್ಷೇಪಣೆಯನ್ನು ಒಂದು ಕಥೆಯ ರೂಪದಲ್ಲಿ ಹೇಳಿಸಿದ್ದಾನೆ. ಜೈನ ಪರಂಪರೆಗೆ ಈ ತೊಡಕು ಇನ್ನೂ ಹತ್ತಿರದ್ದು. ಭಗವಾನ್ ಮಹಾವೀರರ ಉಪದೇಶವು ಶತಮಾನಗಳ ಕಾಲ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಸಾಗಿಬಂದುದರಿಂದಲೇ ಅದಕ್ಕೆ ಶ್ರುತವೆಂದು ಹೆಸರು. ಮುನಿಗಳಿಗೆ ಗ್ರಂಥಗಳ ಕಟ್ಟು ಕೂಡ ಪರಿಗ್ರಹವಾದೀತೆಂಬ ಶಂಕೆ ಆ ಕಾಲದಲ್ಲಿತ್ತು.

ಆದರೂ ಆಚಾರ್ಯರು ಬರಹವನ್ನು ಅಂಗೀಕರಿಸಿದರು. ದಿಗಂಬರ ಪರಂಪರೆಯ ಪ್ರಕಾರ ಗಿರಿನಗರದ ಚಂದ್ರಗುಹೆಯಲ್ಲಿದ್ದ ವೃದ್ಧರಾದ ಧರಸೇನಾಚಾರ್ಯರು ತಮ್ಮೊಡನೆ ಶ್ರುತವು ನಶಿಸಿಹೋದೀತೆಂದು ಬಗೆದು ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳನ್ನು ಕರೆಸಿ ಉಪದೇಶಿಸಿದರು. ಆ ಶಿಷ್ಯರು ರಚಿಸಿದ ಷಟ್ಖಂಡಾಗಮವು ಪೂರ್ಣಗೊಂಡ ಜ್ಯೇಷ್ಠ ಶುಕ್ಲ ಪಂಚಮಿಯನ್ನು ಇಂದಿಗೂ ಶ್ರುತಪಂಚಮಿಯೆಂದು ಆಚರಿಸಲಾಗುತ್ತದೆ. ಶ್ವೇತಾಂಬರ ಪರಂಪರೆಯಲ್ಲಿ ಕ್ರಿ.ಶ. ಐದನೆಯ ಶತಮಾನದಲ್ಲಿ ವಲಭೀಪುರದಲ್ಲಿ ದೇವರ್ಧಿಗಣಿ ಕ್ಷಮಾಶ್ರಮಣರ ನೇತೃತ್ವದಲ್ಲಿ ಆಗಮಗಳು ಗ್ರಂಥಸ್ಥವಾದವು. ಮರೆವು ಹೆಚ್ಚುತ್ತಿದೆ, ಧಾರಣಾಶಕ್ತಿ ಕುಗ್ಗುತ್ತಿದೆ ಎಂಬುದೇ ಎರಡೂ ಕಡೆಗಳಲ್ಲಿ ಕಾರಣ.

ಮುಂದೆ ನಡೆದ ಸಂಗತಿಯೂ ಪಾಠವಾಗತಕ್ಕದ್ದು. ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಗರಿಗಳು ಮೂಡಬಿದರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯಲ್ಲಿ ಸುರಕ್ಷಿತವಾಗಿದ್ದವು. ಜನ ಅವುಗಳ ದರ್ಶನ ಮಾಡಿ ಕೈಮುಗಿಯುತ್ತಿದ್ದರು. 1939ರಿಂದ ಮೊದಲ್ಗೊಂಡು ಸುಮಾರು ಎರಡು ದಶಕಗಳಲ್ಲಿ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 16 ಸಂಪುಟಗಳಾಗಿ ಪ್ರಕಟವಾದ ಮೇಲೆ ಅದು ಮತ್ತೆ ಸ್ವಾಧ್ಯಾಯದ ವಸ್ತುವಾಯಿತು. ಕಾಪಾಡುವುದು ಒಂದು ಪುಣ್ಯ, ಓದುವುದು ಇನ್ನೊಂದು. ಮೊದಲನೆಯದು ಎರಡನೆಯದಕ್ಕೆ ಬದಲಾಗಲಾರದು.

ಧಾರಣೆಗೆ ಮುಂಚಿನ ಮೆಟ್ಟಿಲುಗಳು

ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರವು ಮತಿಜ್ಞಾನವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದೆ. ವಸ್ತುವಿನ ಮೊದಲ ಗ್ರಹಿಕೆ ಅವಗ್ರಹ. ಅದು ಏನಿರಬಹುದೆಂಬ ವಿಶೇಷ ಜಿಜ್ಞಾಸೆ ಈಹೆ. ಇದು ಇಂಥದೇ ಎಂಬ ನಿಶ್ಚಯ ಅವಾಯ. ನಿಶ್ಚಯಿಸಿದ್ದನ್ನು ಮರೆಯದಂತೆ ಉಳಿಸಿಕೊಳ್ಳುವುದು ಧಾರಣೆ. ಈ ವಿಂಗಡಣೆಯನ್ನು ಮುಂದಿಟ್ಟುಕೊಂಡರೆ ಯಂತ್ರವು ಮಾಡುವುದೇನು, ಮಾಡದಿರುವುದೇನು ಎಂಬುದು ಸ್ಪಷ್ಟವಾಗುತ್ತದೆ. ಫೋನು ಧಾರಣೆಗೆ ನೆರವಾಗುತ್ತದೆ. ಈಹೆಯನ್ನೂ ಅವಾಯವನ್ನೂ ಅದು ಮಾಡಿಕೊಡಲಾರದು. ಪ್ರವಚನದ ಫೋಟೋ ತೆಗೆದಿಟ್ಟುಕೊಂಡವನು ಪ್ರವಚನವನ್ನು ಕೇಳಿದಂತಾಗಲಿಲ್ಲ. ಅವಗ್ರಹದಿಂದ ನೇರವಾಗಿ ಧಾರಣೆಗೆ ಜಿಗಿದು ನಡುವಣ ಎರಡು ಮೆಟ್ಟಿಲುಗಳನ್ನು ಬಿಟ್ಟವನ ಬಳಿ ಸಂಗ್ರಹವಿರುತ್ತದೆ, ಜ್ಞಾನವಿರುವುದಿಲ್ಲ.

ಆಧುನಿಕ ಮನೋವಿಜ್ಞಾನದ ಪರೀಕ್ಷೆಗಳೂ ಇದಕ್ಕೆ ವಿರೋಧವಾಗಿಲ್ಲ. ಅಮೆರಿಕದಲ್ಲಿ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಮಾಹಿತಿಯು ಕಂಪ್ಯೂಟರಿನಲ್ಲಿ ಉಳಿದಿರುತ್ತದೆಂದು ನಂಬಿದವರು ಅದನ್ನು ತಾವು ನೆನಪಿಟ್ಟುಕೊಳ್ಳುವುದು ಕಡಿಮೆ. 2015ರಲ್ಲಿ ಬೆಂಜಮಿನ್ ಸ್ಟಾರ್ಮ್ ಮತ್ತು ಶಾನ್ ಸ್ಟೋನ್ ಅವರು ಇದರ ಇನ್ನೊಂದು ಮಗ್ಗುಲನ್ನು ತೋರಿಸಿದರು. ಒಂದನ್ನು ಭದ್ರವಾಗಿ ಉಳಿಸಿಟ್ಟ ಮೇಲೆ ಮನಸ್ಸು ಹಗುರಾಗಿ ಮುಂದಿನದನ್ನು ಚೆನ್ನಾಗಿ ಕಲಿಯುತ್ತದೆ. ಉಳಿಸಿಟ್ಟ ಜಾಗದ ಮೇಲೆ ನಂಬಿಕೆಯಿಲ್ಲದಿದ್ದರೆ ಈ ಲಾಭವೂ ಇಲ್ಲ. ಬರಹವು ನೆನಪನ್ನು ಸೋಮಾರಿಯಾಗಿಸಬಲ್ಲದು, ಬಿಡುವನ್ನೂ ಕೊಡಬಲ್ಲದು. ಆ ಬಿಡುವನ್ನು ಯಾವುದಕ್ಕೆ ವಿನಿಯೋಗಿಸಲಾಗುತ್ತದೆ ಎಂಬುದರ ಮೇಲೆ ಫಲ ನಿಂತಿದೆ.

ವಯಸ್ಸಾದವರಿಗಾದರೋ ಈ ಸಾಧನಗಳಿಂದ ನೇರ ಪ್ರಯೋಜನವಿರುವುದು ಕಂಡುಬಂದಿದೆ. ಟೆಕ್ಸಸ್ ರಾಜ್ಯದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೌಮ್ಯ ಪ್ರಮಾಣದ ಮರೆವಿನ ತೊಂದರೆಯಿದ್ದ 52 ಮಂದಿ ವೃದ್ಧರಿಗೆ ಫೋನಿನಲ್ಲಿ ಜ್ಞಾಪಕ ಸೂಚನೆಯನ್ನೋ ಧ್ವನಿಮುದ್ರಣವನ್ನೋ ನಾಲ್ಕು ವಾರ ಬಳಸಲು ಕಲಿಸಲಾಯಿತು. ಮಾಡಬೇಕಾದ ಕೆಲಸವನ್ನು ಹೊತ್ತಿಗೆ ನೆನೆದು ಮಾಡುವುದು ಎರಡೂ ಗುಂಪುಗಳಲ್ಲಿ ಉತ್ತಮಗೊಂಡಿತು. ಜೇರೆಡ್ ಬೆಂಜ್ ಅವರೊಡನೆ ಇದೇ ಸ್ಕಲಿನ್ ಅವರು 57 ಅಧ್ಯಯನಗಳನ್ನು, ಅಂದರೆ 4,11,430 ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇಂಥ ಸಾಧನಗಳನ್ನು ಬಳಸುವ ಹಿರಿಯರಲ್ಲಿ ಬುದ್ಧಿಶಕ್ತಿ ಕುಂದುವ ಸಾಧ್ಯತೆ ಶೇಕಡ 58ರಷ್ಟು ಕಡಿಮೆ. ಬುದ್ಧಿ ಚುರುಕಾಗಿರುವವರೇ ಸಾಧನಗಳನ್ನು ಹೆಚ್ಚಾಗಿ ಬಳಸುತ್ತಿರಬಹುದಾದ್ದರಿಂದ ಇದನ್ನು ಕಾರಣವೆಂದು ತಿಳಿಯಲಾಗದು. ಫೋನು ಹಿಡಿದರೆ ಹಿರಿಯರ ಬುದ್ಧಿ ಕೆಡುತ್ತದೆಂಬ ಸಾಮಾನ್ಯ ದೂರಿಗೆ ಆಧಾರ ಸಾಲದೆಂಬುದಂತೂ ಇದರಿಂದ ತಿಳಿಯುತ್ತದೆ.

ಟಿಪ್ಪಣಿಯ ಪರಿಗ್ರಹ

ಪರಿಗ್ರಹವೆಂದರೆ ಮೂರ್ಛೆ, ಮಮತ್ವ, ಎಂಬುದು ತತ್ತ್ವಾರ್ಥಸೂತ್ರದ ನಿಲುವು. ವಸ್ತುವಿನ ತೂಕವಾಗಲಿ ಬೆಲೆಯಾಗಲಿ ಅದಕ್ಕೆ ಪ್ರಮಾಣವಲ್ಲ. ಹಾಗಿರುವಾಗ ಜಾಗವನ್ನೇ ಆಕ್ರಮಿಸದ ಟಿಪ್ಪಣಿಯೂ ಪರಿಗ್ರಹವಾಗಬಲ್ಲದು. ಹಿಂದಿನ ಕಾಲದಲ್ಲಿ ಕಾಗದದ ಬೆಲೆಯೂ ಕಪಾಟಿನ ಅಳತೆಯೂ ಮಿತಿ ಹಾಕುತ್ತಿದ್ದವು. ಈಗ ಆ ಮಿತಿಯಿಲ್ಲ. ಬೆಳಗಿನ ಶುಭಾಶಯದ ಚಿತ್ರಗಳು, ಓದದ ಲೇಖನಗಳು, ಮಾಡದ ವ್ಯಾಯಾಮದ ಪಟ್ಟಿಗಳು, ಎಂದೋ ಮುಗಿದ ಮದುವೆಯ ಲೆಕ್ಕ ಎಲ್ಲವೂ ಕೂಡಿಕೊಂಡು, ಬೇಕಾದುದು ಸಿಗದೆ ಹೋಗುತ್ತದೆ.

ಇಂಥ ಸಂಗ್ರಹ ಶಾಶ್ವತವೂ ಅಲ್ಲ. 2008ರಲ್ಲಿ ಬಳಕೆಗೆ ಬಂದು ಲೋಕಪ್ರಸಿದ್ಧವಾದ ಎವರ್‌ನೋಟ್ ಎಂಬ ಟಿಪ್ಪಣಿ ಸಾಧನವು 2023ರ ಡಿಸೆಂಬರಿನಿಂದ ಹಣ ಕೊಡದ ಬಳಕೆದಾರರಿಗೆ 50 ಟಿಪ್ಪಣಿಗಳ ಮಿತಿಯನ್ನು ವಿಧಿಸಿತು. ಗೂಗಲ್ ಸಂಸ್ಥೆಯು ತನ್ನ ‘ನೋಟ್‌ಬುಕ್’ ಸೇವೆಯನ್ನು 2012ರಲ್ಲಿ ಮುಚ್ಚಿ, 2013ರಲ್ಲಿ ‘ಕೀಪ್’ ಎಂಬ ಇನ್ನೊಂದನ್ನು ತಂದಿತು. ಇವರದು ವ್ಯಾಪಾರ; ಅದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಬಾಡಿಗೆಯ ಗೋದಾಮಿನಲ್ಲಿ ಸರಕು ಇಟ್ಟವನು ಗೋದಾಮಿನ ಕರಾರನ್ನೂ ಅರಿತಿರಬೇಕು.

ಮಿತಿಯ ಪಾಠವನ್ನು ವ್ಯಾಪಾರಿಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಎಣ್ಣೆಯ ಗಿರಣಿಗಳಿಗೂ ಶೇಂಗಾ ವಹಿವಾಟಿಗೂ ಹೆಸರಾದ ಚಳ್ಳಕೆರೆಯಂಥ ಊರಿನ ಮಂಡಿಗಳಲ್ಲಿ ಕಚ್ಚಾ ಚೀಟಿಗೂ ಕಿರ್ದಿಗೂ ಖಾತೆಗೂ ಇರುವ ವ್ಯತ್ಯಾಸವನ್ನು ಎಳೆಯ ಗುಮಾಸ್ತನೂ ಬಲ್ಲ. ತೂಕದ ಬಳಿ ಗೀಚಿದ ಚೀಟಿ ಸಂಜೆ ಕಿರ್ದಿಗೆ ಏರಬೇಕು. ಕಿರ್ದಿಯಿಂದ ಆಯಾ ಆಸಾಮಿಯ ಖಾತೆಗೆ ಹೋಗಬೇಕು. ದಿನದ ಸಿಲ್ಕು ತಾಳೆಯಾದ ಮೇಲೆ ಚೀಟಿಯನ್ನು ಹರಿದು ಹಾಕಬೇಕು. ಚೀಟಿಗಳನ್ನೇ ಗೋಣಿಯಲ್ಲಿ ತುಂಬಿಟ್ಟುಕೊಂಡವನನ್ನು ಯಾರೂ ದೊಡ್ಡ ವ್ಯಾಪಾರಿ ಎನ್ನುವುದಿಲ್ಲ. ಫೋನಿನ ಟಿಪ್ಪಣಿಗಳಲ್ಲಿ ನೂರಕ್ಕೆ ತೊಂಬತ್ತು ಇಂಥ ಕಚ್ಚಾ ಚೀಟಿಗಳು. ಅವುಗಳ ಕೆಲಸ ಸಂಜೆಗೆ ಮುಗಿಯತಕ್ಕದ್ದು.

ಕಾರ್ಯದಕ್ಷತೆಯನ್ನು ಬೋಧಿಸುವ ಇಂದಿನ ಪುಸ್ತಕಗಳು ಮನಸ್ಸಿನಲ್ಲಿರುವುದನ್ನೆಲ್ಲ ಬರೆದಿಟ್ಟು ವಾರಕ್ಕೊಮ್ಮೆ ಪರಾಮರ್ಶಿಸಬೇಕೆನ್ನುತ್ತವೆ. ಡೇವಿಡ್ ಆಲೆನ್ ಅವರು 2001ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಕ್ರಮ ಜನಪ್ರಿಯವಾಯಿತು. ಪರಾಮರ್ಶೆಯ ಅಭ್ಯಾಸ ಶ್ರಾವಕರಿಗೆ ಅಪರಿಚಿತವಲ್ಲ, ಪ್ರತಿಕ್ರಮಣವು ಪರಾಮರ್ಶೆಯೇ. ಆದರೆ ಉದ್ದೇಶ ಬೇರೆ. ಆ ಪುಸ್ತಕಗಳು ಇನ್ನಷ್ಟು ಕೆಲಸ ಸಾಗಲೆಂದು ಹಿಂತಿರುಗಿ ನೋಡಿಸುತ್ತವೆ. ಪ್ರತಿಕ್ರಮಣವು ನಡೆದ ದೋಷದಿಂದ ಹಿಂದೆ ಸರಿಯಲೆಂದು ನೋಡಿಸುತ್ತದೆ. ಮುಪ್ಪಿನಲ್ಲಿ ಈ ಭೇದ ಮುಖ್ಯವಾಗುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರವು ಹೇಳುವ ಹನ್ನೊಂದು ಪ್ರತಿಮೆಗಳಲ್ಲಿ ಎಂಟನೆಯದು ಆರಂಭತ್ಯಾಗ, ಒಂಬತ್ತನೆಯದು ಪರಿಗ್ರಹತ್ಯಾಗ, ಹತ್ತನೆಯದು ಅನುಮತಿತ್ಯಾಗ. ವ್ಯಾಪಾರವನ್ನು ಬಿಡುವುದು, ಒಡೆತನವನ್ನು ಬಿಡುವುದು, ಕೊನೆಗೆ ಮನೆವಾರ್ತೆಯಲ್ಲಿ ಸಮ್ಮತಿ ಕೊಡುವ ಅಧಿಕಾರವನ್ನೂ ಬಿಡುವುದು ಎಂಬ ಈ ಕ್ರಮವು ಬಲವಂತದ್ದಲ್ಲ, ಒಮ್ಮೆಗೇ ಆಗುವಂಥದೂ ಅಲ್ಲ. ಎಪ್ಪತ್ತರ ಹೊಸ್ತಿಲಲ್ಲಿರುವವರ ಫೋನಿನ ಪಟ್ಟಿ ನಲವತ್ತರಲ್ಲಿದ್ದಷ್ಟೇ ಉದ್ದವಾಗಿದ್ದರೆ ಸಾಧನವು ಅವರಿಗೆ ಸೇವೆ ಸಲ್ಲಿಸುತ್ತಿದೆಯೋ, ಅವರೇ ಸಾಧನಕ್ಕೆ ದುಡಿಯುತ್ತಿದ್ದಾರೋ ಎಂದು ಯೋಚಿಸಬೇಕಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಆರೋಗ್ಯಪೂರ್ಣ ಮುಪ್ಪನ್ನು ನಿರ್ವಚಿಸುವಾಗ ರೋಗವಿಲ್ಲದಿರುವುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಲಿಲ್ಲ. ತಮಗೆ ಮಹತ್ವವೆನಿಸಿದ್ದನ್ನು ಮಾಡುವ ಸಾಮರ್ಥ್ಯ ಉಳಿದಿರುವುದನ್ನೇ ಮುಖ್ಯವೆಂದು ಎಣಿಸಿತು. 2021ರಿಂದ 2030ರವರೆಗಿನ ಅವಧಿಯನ್ನು ವಿಶ್ವಸಂಸ್ಥೆ ಈ ಗುರಿಗಾಗಿಯೇ ಮೀಸಲಿಟ್ಟಿದೆ. ಈ ದೃಷ್ಟಿಯಿಂದ ನೋಡಿದರೆ ಮೊದಲನೆಯ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಸಾಮಾಯಿಕದ ಹೊತ್ತನ್ನು, ಮಾತ್ರೆಯ ಹೊತ್ತನ್ನು, ಕೊಟ್ಟ ಮಾತನ್ನು ತಪ್ಪದಂತೆ ಕಾಯುವ ಟಿಪ್ಪಣಿ ಅಪ್ರಮಾದದ ಸಾಧನ. ಬಿಡಬೇಕಾದುದನ್ನು ಬಿಡಗೊಡದ ಟಿಪ್ಪಣಿ ಪರಿಗ್ರಹ.

ನ್ಯಾಸಾಪಹಾರ

ಇನ್ನು ಎರಡನೆಯ ಪ್ರಶ್ನೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸಿರುವ ಬಗೆ ಆಶ್ಚರ್ಯಕರವಾಗಿದೆ. ಒಬ್ಬನು ಹಣವನ್ನೋ ಚಿನ್ನವನ್ನೋ ಇನ್ನೊಬ್ಬನಲ್ಲಿ ನ್ಯಾಸವಾಗಿ ಇಟ್ಟಿರುತ್ತಾನೆ. ಕಾಲಾನಂತರ ಇಟ್ಟದ್ದೆಷ್ಟೆಂಬುದು ಮರೆತುಹೋಗಿ ಕಡಿಮೆ ಸಂಖ್ಯೆಯನ್ನು ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿ ಅಷ್ಟನ್ನೇ ಕೊಡುತ್ತಾನೆ. ಇಲ್ಲಿ ಕದ್ದವನಿಲ್ಲ, ಕಿತ್ತುಕೊಂಡವನಿಲ್ಲ, ಎದುರಿಗಿದ್ದವನ ಮಾತಿಗೆ ತಲೆಯಾಡಿಸಿದ್ದಷ್ಟೆ. ಆದರೂ ಆಚಾರ್ಯರು ಅದನ್ನು ಸತ್ಯವ್ರತದ ದೋಷವೆಂದು ಎಣಿಸಿದರು. ಒಬ್ಬನ ಮರೆವು ಇನ್ನೊಬ್ಬನ ಸತ್ಯಕ್ಕೆ ಪರೀಕ್ಷೆಯಾಗುತ್ತದೆ ಎಂಬುದನ್ನು ಇದಕ್ಕಿಂತ ಸೂಕ್ಷ್ಮವಾಗಿ ಹೇಳಲು ಸಾಧ್ಯವಿಲ್ಲ.

ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ, ಬುದ್ಧಿಮಾಂದ್ಯದ ಮರೆವಿನಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿದೆ. ಇವರಲ್ಲದೆ ವಯೋಸಹಜವಾಗಿ ಅಲ್ಪಸ್ವಲ್ಪ ಮರೆಯುವವರು ಪ್ರತಿ ಮನೆಯಲ್ಲಿಯೂ ಇದ್ದಾರೆ. ಇವರೆಲ್ಲ ತಮ್ಮ ಸುತ್ತಲಿನವರಲ್ಲಿ ಏನೇನನ್ನೋ ನ್ಯಾಸವಾಗಿ ಇಟ್ಟವರೇ. ಠೇವಣಿಯ ರಸೀತಿ, ಜಮೀನಿನ ಪತ್ರ, ಮಗಳಿಗೆ ಕೊಡುತ್ತೇನೆಂದು ಆಡಿದ ಮಾತು, ಬಡ ಬಂಧುವಿನ ಮಗನ ಓದಿಗೆ ಒಪ್ಪಿಕೊಂಡ ನೆರವು ಎಲ್ಲವೂ ಅವರ ನೆನಪಿನೊಳಗಿವೆ. ‘ಅಪ್ಪಾಜಿಗೆ ಈಗ ಏನೂ ನೆನಪಿರುವುದಿಲ್ಲ’ ಎಂಬ ಮಾತು ಕೆಲವೊಮ್ಮೆ ಮರುಕದಿಂದ ಬರುತ್ತದೆ, ಕೆಲವೊಮ್ಮೆ ಅನುಕೂಲದಿಂದಲೂ ಬರುತ್ತದೆ. ತಂಗಿಗೆ ಕೊಡಬೇಕಾದುದನ್ನು ತಂದೆಯು ಮರೆತಾಗ ಮಗನು ನೆನಪಿಸದೆ ಸುಮ್ಮನಿದ್ದರೆ ಅವನು ಸುಳ್ಳಾಡಿದಂತಾಗುವುದಿಲ್ಲ ಎಂದು ಲೋಕ ಹೇಳೀತು. ಸರ್ವಾರ್ಥಸಿದ್ಧಿಯ ನಿರ್ಣಯ ಬೇರೆ.

ಇಲ್ಲಿಯೇ ಹಿರಿಯರ ಸ್ವಂತ ಬರಹಕ್ಕೆ ನಿಜವಾದ ಬೆಲೆಯಿದೆ. ತಮ್ಮ ಕೈಯಿಂದ, ತಮ್ಮ ಮಾತಿನಲ್ಲಿ, ದಿನಾಂಕ ಹಾಕಿ ಬರೆದಿಟ್ಟದ್ದು ಅವರನ್ನು ಇತರರ ದಾಕ್ಷಿಣ್ಯದಿಂದ ಪಾರುಮಾಡುತ್ತದೆ. ಮಕ್ಕಳನ್ನೂ ಪ್ರಲೋಭನೆಯಿಂದ ಪಾರುಮಾಡುತ್ತದೆ. ಅಕ್ಷರ ಒತ್ತಲು ಬೆರಳು ನಡುಗುವವರು ಬಾಯಲ್ಲಿ ಹೇಳಿ ಕನ್ನಡದಲ್ಲಿಯೇ ಬರೆಯಿಸುವ ಸೌಲಭ್ಯ 2017ರಿಂದ ಗೂಗಲ್ ಸಂಸ್ಥೆಯ ಸಾಧನಗಳಲ್ಲಿ ದೊರೆತಿದೆ.

ಆದರೆ ಡಿಜಿಟಲ್ ಬರಹದಲ್ಲಿ ಕಾಗದಕ್ಕಿಲ್ಲದ ಒಂದು ಅಪಾಯವಿದೆ. ಖಾತೆ ಪುಸ್ತಕದಲ್ಲಿ ಅಂಕಿಯನ್ನು ತಿದ್ದಿದರೆ ಶಾಯಿಯ ಕಲೆ ಸಾಕ್ಷಿ ಹೇಳುತ್ತದೆ. ಪರದೆಯ ಮೇಲಿನ ತಿದ್ದುಪಡಿ ಬರಿಗಣ್ಣಿಗೆ ಕಾಣುವುದಿಲ್ಲ. ಅನ್ಯರು ಹೇಳದಿದ್ದುದನ್ನು ಹೇಳಿದರೆಂದು ವಂಚನೆಗಾಗಿ ಬರೆಯುವುದಕ್ಕೆ ಕೂಟಲೇಖಕ್ರಿಯೆ ಎಂದು ಹೆಸರು. ಅದೂ ಸತ್ಯವ್ರತದ ಅತಿಚಾರವೇ. ಏಕಾಂತದ ಸಂಗತಿಯನ್ನು ಬಯಲು ಮಾಡುವುದು ರಹೋಭ್ಯಾಖ್ಯಾನ. ಸಹಾಯ ಮಾಡುವ ನೆವದಿಂದ ಅಜ್ಜನ ಫೋನಿನ ಗುಪ್ತಸಂಖ್ಯೆಯನ್ನು ಪಡೆದ ಮೊಮ್ಮಗನು ಅಜ್ಜನ ದುಗುಡದ ಸಾಲುಗಳನ್ನೋ ಹಳೆಯ ಸಾಲದ ವಿವರಗಳನ್ನೋ ಊಟದ ಹೊತ್ತಿನಲ್ಲಿ ಎಲ್ಲರೆದುರು ಓದಿ ನಕ್ಕರೆ, ಆ ನಗೆಗೆ ಈ ಹೆಸರು ತಪ್ಪದೆ ಸಲ್ಲುತ್ತದೆ. ಹಿರಿಯರ ಫೋನು ಹಿರಿಯರದು. ನೆರವು ಕೇಳಿದಷ್ಟಕ್ಕೆ ನಿಲ್ಲಬೇಕು.

ಇದಕ್ಕಿಂತ ನಯವಾದ ಇನ್ನೊಂದು ಅನ್ಯಾಯವೂ ಉಂಟು. ಮಕ್ಕಳು ದೂರದ ಊರಿನಲ್ಲಿ ಕುಳಿತು ತಂದೆತಾಯಿಗಳ ಫೋನಿಗೆ ಮಾತ್ರೆಯ, ನಡಿಗೆಯ, ನೀರು ಕುಡಿಯುವ ಸೂಚನೆಗಳನ್ನೆಲ್ಲ ಜೋಡಿಸಿಟ್ಟು ಕರ್ತವ್ಯ ಮುಗಿಯಿತೆಂದು ಭಾವಿಸುವುದು. ಗಂಟೆ ಬಾರಿಸುವ ಯಂತ್ರವು ‘ಮಾತ್ರೆ ತೆಗೆದುಕೊಂಡಿರಾ, ಅಮ್ಮಾ?’ ಎಂದು ಕೇಳುವ ಧ್ವನಿಗೆ ಸಮವಲ್ಲ. ವೈಯಾವೃತ್ತ್ಯವನ್ನು, ಅಂದರೆ ಹಿರಿಯರ, ರೋಗಿಗಳ, ಸಾಧಕರ ಶುಶ್ರೂಷೆಯನ್ನು, ಆಚಾರ್ಯರು ಆಭ್ಯಂತರ ತಪಸ್ಸುಗಳ ಸಾಲಿನಲ್ಲಿಟ್ಟಿದ್ದಾರೆ. ತಪಸ್ಸನ್ನು ಯಂತ್ರಕ್ಕೆ ವಹಿಸಿಕೊಡಲಾಗದು. ತಂದೆತಾಯಿಗಳ ಪೋಷಣೆಗಾಗಿ ಸರ್ಕಾರವು 2007ರಲ್ಲಿ ಕಾಯಿದೆಯನ್ನು ಮಾಡಿದೆ. ಕಾಯಿದೆಯು ಅನ್ನವಸತಿಗಳನ್ನು ಕೊಡಿಸಬಲ್ಲದು. ಹೇಳಿದ್ದನ್ನೇ ಮೂರನೆಯ ಸಲ ಹೇಳುವವರ ಮಾತನ್ನು ಬೇಸರವಿಲ್ಲದೆ ಕೇಳಿಸಲಾರದು.

ಬಸದಿಗಳ ಆಡಳಿತಕ್ಕೆ

ಈ ವಿಚಾರವು ಮನೆಗಳಿಗೆ ಮಾತ್ರ ಸೀಮಿತವಲ್ಲ. ಚಿಕ್ಕ ಊರುಗಳ ಬಸದಿಗಳೂ ಮಂದಿರಗಳೂ ಹೆಚ್ಚಾಗಿ ಒಬ್ಬಿಬ್ಬರು ಹಿರಿಯ ಧರ್ಮದರ್ಶಿಗಳ ನೆನಪಿನ ಆಧಾರದಿಂದಲೇ ನಡೆಯುತ್ತವೆ. ಯಾವ ಜಮೀನು ಯಾರು ಬಿಟ್ಟದ್ದು, ಯಾವ ದಾನಕ್ಕೆ ದಾತಾರರು ಯಾವ ಷರತ್ತು ಹಾಕಿದ್ದರು, ಯಾವ ತಿಥಿಗೆ ಯಾರ ಹೆಸರಿನ ಪೂಜೆ, ಪ್ರಭಾವಳಿ ಯಾರ ಸುಪರ್ದಿನಲ್ಲಿದೆ ಎಂಬುದು ಅವರೊಬ್ಬರಿಗೆ ಗೊತ್ತು. ಅವರು ಹಾಸಿಗೆ ಹಿಡಿದ ದಿನ ಸಂಸ್ಥೆಯ ಅರ್ಧ ಆಸ್ತಿ ಕತ್ತಲೆಗೆ ಸೇರುತ್ತದೆ. ಸಂಸ್ಥೆಯ ಆಸ್ತಿಯೆಲ್ಲ ನ್ಯಾಸವೇ ಆದುದರಿಂದ, ಅದರ ವಿವರವನ್ನು ತನ್ನ ತಲೆಯಲ್ಲಿಯೇ ಇಟ್ಟುಕೊಂಡು ಯಾರಿಗೂ ತಿಳಿಸದಿರುವುದು ಎಷ್ಟೇ ಪ್ರಾಮಾಣಿಕತೆಯಿಂದ ಕೂಡಿದ್ದರೂ ಪ್ರಮಾದವೇ.

ಧರಸೇನಾಚಾರ್ಯರು ತಮ್ಮ ವೃದ್ಧಾಪ್ಯದಲ್ಲಿ ಮಾಡಿದ್ದನ್ನು ಪ್ರತಿಯೊಬ್ಬ ಹಿರಿಯ ಧರ್ಮದರ್ಶಿಯೂ ತನ್ನ ಮಟ್ಟಿಗೆ ಮಾಡಬಹುದು. ಇಬ್ಬರು ಕಿರಿಯರನ್ನು ಬಳಿಗೆ ಕರೆದು, ಅವರೆದುರು ಹೇಳಿ, ಅವರಿಂದ ಬರೆಯಿಸಿ, ಓದಿಸಿ ಕೇಳಿ, ಸಹಿ ಹಾಕಿಕೊಡಬಹುದು. ಇಬ್ಬರು ಎಂಬುದು ಇಲ್ಲಿ ಮುಖ್ಯ. ಒಬ್ಬರು ತಪ್ಪಿದರೆ ಇನ್ನೊಬ್ಬರು ತಿದ್ದಲು ಸಾಧ್ಯವಾಗುತ್ತದೆ. ಅಶೋಕನ ಅಧಿಕಾರಿಗಳೂ ಒಂದೇ ಆಜ್ಞೆಯನ್ನು ಹತ್ತಿರ ಹತ್ತಿರದ ಮೂರು ಎಡೆಗಳಲ್ಲಿ ಕೆತ್ತಿಸಿದ್ದರು. ಫೋನಿನಲ್ಲೊಂದು, ಕಾಗದದ ಪುಸ್ತಕದಲ್ಲೊಂದು, ಸಂಸ್ಥೆಯ ಕಪಾಟಿನಲ್ಲೊಂದು ಪ್ರತಿಯಿದ್ದರೆ ಯಾವ ಕಂಪನಿಯ ಕರಾರು ಬದಲಾದರೂ ಬಸದಿಗೆ ನಷ್ಟವಿಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಮರಣ ಅಥವಾ ಅಶಕ್ತತೆಯ ಸಂದರ್ಭದಲ್ಲಿ ತನ್ನ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವ ಅವಕಾಶವನ್ನು ಹೇಳಿದೆ. ಬ್ಯಾಂಕಿನ ಖಾತೆಗೆ ನಾಮಿನಿಯನ್ನು ಬರೆಯಿಸುವ ಕುಟುಂಬಗಳು ಫೋನಿನೊಳಗಿನ ಬರಹಗಳ ಬಗ್ಗೆಯೂ ಈ ಎಚ್ಚರಿಕೆಯನ್ನು ವಹಿಸುವುದು ಯೋಗ್ಯ.

ಆಚರಣೆಗೆ ನಾಲ್ಕು ಮಾತು

ಹಾಗಾದರೆ ಶ್ರಾವಕನ ದಿನಚರಿಯಲ್ಲಿ ಈ ಸಾಧನದ ಸ್ಥಾನವೇನು? ಮೊದಲನೆಯದಾಗಿ, ಪರಿಮಾಣ ವ್ರತವು ಇದಕ್ಕೂ ಅನ್ವಯಿಸಲಿ. ಇಷ್ಟೇ ಟಿಪ್ಪಣಿ ಎಂದು ಸಂಖ್ಯೆಯನ್ನು ನಿಗದಿಪಡಿಸಿಕೊಂಡು, ಹೊಸದೊಂದು ಸೇರುವಾಗ ಹಳೆಯದೊಂದು ಹೋಗುವಂತಿರಲಿ. ಎರಡನೆಯದಾಗಿ, ಸಂಜೆಯ ಪ್ರತಿಕ್ರಮಣಕ್ಕೆ ಮೊದಲು ಐದು ನಿಮಿಷ ಅಂದಿನ ಚೀಟಿಗಳನ್ನು ನೋಡಿ, ಮುಗಿದದ್ದನ್ನು ಅಳಿಸಿ, ನಾಳೆಯದನ್ನು ಬರೆದಿಡಲಿ. ಮಲಗುವ ಮುನ್ನ ಐದು ನಿಮಿಷ ಮುಂದಿನ ಕೆಲಸಗಳನ್ನು ಬರೆದವರಿಗೆ, ಮುಗಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ರೆ ಬಂದುದನ್ನು ಸ್ಕಲಿನ್ ಅವರ 2018ರ ಅಧ್ಯಯನ ಗುರುತಿಸಿದೆ. ಅದು 57 ಮಂದಿ ತರುಣರ ಮೇಲೆ ನಡೆದ ಪರೀಕ್ಷೆ; ಆದರೂ ನಿದ್ರೆ ಬಾರದೆ ಹೊರಳಾಡುವ ಹಿರಿಯರು ಪ್ರಯತ್ನಿಸಿ ನೋಡುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ಮೂರನೆಯದಾಗಿ, ಸಾಮಾಯಿಕದ ಎರಡು ಘಳಿಗೆ, ಅಂದರೆ 48 ನಿಮಿಷ, ಫೋನು ಇನ್ನೊಂದು ಕೋಣೆಯಲ್ಲಿರಲಿ. ಸಮಯವನ್ನು ನೆನಪಿಸಿದ ಮೇಲೆ ಅದರ ಕೆಲಸ ಮುಗಿಯಿತು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಸ್ವಾಧ್ಯಾಯದ ಐದು ಅಂಗಗಳಾದ ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ ಮತ್ತು ಧರ್ಮೋಪದೇಶಗಳಲ್ಲಿ ಪ್ರಶ್ನೆಗೂ ಉಪದೇಶಕ್ಕೂ ಎದುರಿಗೊಬ್ಬರು ಬೇಕು. ವಾರಕ್ಕೊಂದು ದಿನ ಮಗನೋ ಸೊಸೆಯೋ ಮೊಮ್ಮಗಳೋ ಹಿರಿಯರ ಬಳಿ ಕುಳಿತು ಅವರ ಟಿಪ್ಪಣಿಗಳನ್ನು ಅವರ ಅನುಮತಿಯಿಂದಲೇ ಗಟ್ಟಿಯಾಗಿ ಓದಲಿ; ಅವರು ವಿವರಿಸಲಿ; ಓದಿದವರು ಪ್ರಶ್ನಿಸಲಿ. ಬರೆಯುವಾಗ ಬಿಟ್ಟುಹೋದದ್ದು ಮಾತಿನಲ್ಲಿ ಹೊರಬೀಳುತ್ತದೆ. ತಪ್ಪು ಬರೆದದ್ದು ತಿದ್ದಿಕೊಳ್ಳುತ್ತದೆ. ತನ್ನ ಮಾತಿಗೆ ಮನೆಯಲ್ಲಿ ಇನ್ನೂ ಬೆಲೆಯಿದೆ ಎಂಬ ಅರಿವು ವೃದ್ಧರಿಗೆ ಯಾವ ಟಾನಿಕ್ಕಿಗಿಂತಲೂ ಕಡಿಮೆಯದಲ್ಲ.

ಒಂದು ದಿನ ಟಿಪ್ಪಣಿಯನ್ನು ತೆರೆದರೂ ಅದು ತಮ್ಮದೆಂದು ಗುರುತು ಹಿಡಿಯಲಾರದ ಸ್ಥಿತಿ ಕೆಲವರಿಗೆ ಬರಬಹುದು. ಆಗ ಬರೆದಿಟ್ಟದ್ದು ಇರುತ್ತದೆ, ಬರೆದವರು ಇರುತ್ತಾರೆ, ಎರಡನ್ನೂ ಜೋಡಿಸುವ ನೆನಪು ಇರುವುದಿಲ್ಲ. ಅವರು ಇಟ್ಟ ನ್ಯಾಸವೆಲ್ಲವೂ ಅಂದಿನಿಂದ ಮನೆಯವರ ಸತ್ಯದ ವಶದಲ್ಲಿರುತ್ತದೆ. ಅವರು ಕಡಿಮೆ ಕೇಳಿದರೂ ಪೂರ್ತಿ ಕೊಡುವುದು, ಏನನ್ನೂ ಕೇಳದಿದ್ದರೂ ಪೂರ್ತಿ ಕೊಡುವುದು, ಆ ಮನೆಯ ಧರ್ಮ.